ಮೀನಿನ ಬಾಯಿಗೆ ಹೋದ ಪಿಂಗಾಣಿ ಹಕ್ಕಿ

ಭಗವಂತ ಮನುಷ್ಯನ ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ. ಕಣ್ಣು ಮುಗಿಸಿ ಕಿವಿಯ ಹತ್ತಿರ ಬರುವ ಹೊತ್ತಿಗೆ ರೆಪ್ಪೆಯ ಸಾಮಾನು ತೀರಿಹೋಗಿತ್ತೋ, ಯಾರಾದರೂ ಕರೆದು ಗಮನ ತಪ್ಪಿತೋ, ಅವನ ಲೆಕ್ಕ ಅವನಿಗೆ. ಕೇಳಲು ನಾವು ಯಾರು? ಆದರೆ ಅಳತೆ ಮತ್ತು ತೂಕದ ಕಚೇರಿಯಲ್ಲಿ ಮುದ್ರೆ ಗುಮಾಸ್ತರಾಗಿದ್ದ ಹೂಂಕಾರಪ್ಪನವರು ಮಾತ್ರ ಪ್ರತಿ ಸಂಜೆ ಮನೆಗೆ ನಡೆದು ಬರುವಾಗ ಈ ವಿಷಯವನ್ನು ಅವನ ಹತ್ತಿರ ಬಹಳ ವಿನಯದಿಂದ ಪ್ರಸ್ತಾಪಿಸುತ್ತಿದ್ದರು.

ಹೂಂಕಾರಪ್ಪ ಎಂಬುದು ಅವರ ಹೆಸರಲ್ಲ. ತಂದೆತಾಯಿ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ನಾಲಿಗೆಗೂ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ ‘ಹೂಂ’ ಅನ್ನುವುದು ಅವರ ಸ್ವಭಾವ. “ನಿಮ್ಮ ಛತ್ರಿ ತಗೊಂಡು ಹೋಗ್ಲಾ?” ಹೂಂ. “ನನ್ನ ಕೆಲಸಾನೂ ಸ್ವಲ್ಪ ನೋಡ್ಕೊಳ್ತೀರಾ?” ಹೂಂ. “ನಿಮಗೆ ಬುದ್ಧಿ ಇದೆಯೇನ್ರೀ?” ಅದಕ್ಕೂ ಹೂಂ, ಆದರೆ ಆ ಒಂದು ಹೂಂ ಅನ್ನು ಮಾತ್ರ ಯಾರೂ ನಂಬುತ್ತಿರಲಿಲ್ಲ.

ಪಾಪ, ಅವರ ತಪ್ಪೂ ಅಲ್ಲ. ಅಂಗಡಿಯವರು ತರುವ ಕಬ್ಬಿಣದ ತೂಕದ ಬಟ್ಟುಗಳ ಅಡಿಯಲ್ಲಿ ಒಂದು ತೂತು ಇರುತ್ತದೆ. ಅದರಲ್ಲಿ ಸೀಸ ತುಂಬಿರುತ್ತದೆ. ತೂಕ ಸರಿಯಿದೆಯೇ ಎಂದು ತಕ್ಕಡಿಯಲ್ಲಿ ನೋಡಿ, ಆ ಸೀಸದ ಮೇಲೆ ಸರ್ಕಾರದ ಮುದ್ರೆ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಟಣ್! ಒಮ್ಮೆ ಹೊಡೆದರೆ ಮುಗಿಯಿತು. ಆಮೇಲೆ ಬ್ರಹ್ಮನಿಗೂ ಆ ಸೀಸ ಕೀಳುವ ಅಧಿಕಾರವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಟಣ್, ಟಣ್, ಟಣ್. ಸಂಜೆ ಕಚೇರಿಗೆ ಬೀಗ ಬಿದ್ದರೂ ಆ ಸದ್ದಿಗೆ ರಜೆ ಇರಲಿಲ್ಲ. ಅದು ಹೂಂಕಾರಪ್ಪನವರ ಕಿವಿಯಲ್ಲಿ ಕೂತು ಅವರ ಜೊತೆಗೇ ಮನೆಗೆ ಬಂದು, ಊಟ ಮಾಡಿ, ಪಕ್ಕದಲ್ಲೇ ಮಲಗುತ್ತಿತ್ತು. ಹೆಂಡತಿಯ ಮಾತು ಎರಡು ಟಣ್ಣುಗಳ ಸಂದಿಯಲ್ಲಿ ಎಷ್ಟು ನುಸುಳುತ್ತದೋ ಅಷ್ಟೇ ಅವರಿಗೆ ಕೇಳುತ್ತಿತ್ತು. ಉಳಿದದ್ದಕ್ಕೆ ಹೂಂ.

ಅಂಥವರ ಮನೆಗೆ ಆ ಹಕ್ಕಿ ಬಂತು.

ಪಿಂಗಾಣಿ ಸಾಮಾನು ಮಾರುವ ಅಂಗಡಿಯೊಂದಕ್ಕೆ ತಕ್ಕಡಿ ನೋಡಲು ಹೋಗಿದ್ದಾಗ, ಜಾಡಿಗಳ ನಡುವೆ ತುಂಬಿದ್ದ ಒಣಹುಲ್ಲಿನಲ್ಲಿ ಅದು ಬಿದ್ದಿತ್ತು. ಹೆಬ್ಬೆರಳಿಗಿಂತ ದೊಡ್ಡದಲ್ಲ. ಬೂದಿ ಕಲಸಿದ ಹಾಲಿನ ಬಣ್ಣ. ಕತ್ತು ಒಳಕ್ಕೆಳೆದುಕೊಂಡು, ಚಳಿಗೆ ಮುದುಡಿದಂತೆ ಕೂತಿತ್ತು. ಮಾಡಿದವನು ಕಣ್ಣು ಬರೆದಿರಲಿಲ್ಲ. ಕಣ್ಣಿರಬೇಕಾದ ಜಾಗವನ್ನು ಏನೋ ಕಡ್ಡಿಯಿಂದ ಮುಟ್ಟಿ ಬಿಟ್ಟಿದ್ದ. ಮೇಲಿನ ಮೆರುಗು ಕರಗಿ ಹರಿದು, ಒಂದು ರೆಕ್ಕೆಯ ತುದಿಯಲ್ಲಿ ತಿಳಿನೀಲಿ ಹನಿಯಾಗಿ, ಇನ್ನೇನು ಬೀಳಬೇಕು ಎನ್ನುವಾಗ ಹಾಗೇ ನಿಂತುಬಿಟ್ಟಿತ್ತು. ಮಗುಚಿದರೆ ಹೊಟ್ಟೆಯಲ್ಲೊಂದು ಸಣ್ಣ ತೂತು, ಅದರ ಪಕ್ಕ ಮಾಡಿದವನ ಬೆರಳ ತುದಿಯ ಗುರುತು. ಹೂಂಕಾರಪ್ಪನವರು ತಮ್ಮ ಬೆರಳನ್ನು ಅದರ ಮೇಲಿಟ್ಟರು. ಸರಿಯಾಗಿ ಕೂತಿತು.

“ಅದು ಸಾಮಾನಲ್ಲ ಸಾರ್, ಸಂದಿಗೆ ತುಂಬಿದ್ದು. ಸುಮ್ನೆ ತಗೊಂಡ್ಹೋಗಿ,” ಎಂದ ಅಂಗಡಿಯವನು. ತಕ್ಕಡಿ ನೋಡಲು ಹೋದವರು ಸುಮ್ಮನೆ ಏನನ್ನೂ ತರಬಾರದು. ಜೀವನದಲ್ಲಿ ಮೊದಲ ಸಲ ಹೂಂ ಅನ್ನದೆ, ದುಡ್ಡು ಕೊಟ್ಟೇ ತಂದರು.

ಹಕ್ಕಿ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಕೂತಿತು. ಬೆಳಿಗ್ಗೆ ಬಿಸಿಲು ಮೊದಲು ಮುಟ್ಟುವ ಜಾಗ ಅದು. ಹೂಂಕಾರಪ್ಪನವರು ಟೀ ಲೋಟ ಹಿಡಿದು ಅದರ ಎದುರು ಮಣೆ ಹಾಕಿಕೊಂಡರು. ಬಿಸಿಲು ಕೊಕ್ಕಿನಿಂದ ಬೆನ್ನಿಗೆ, ಬೆನ್ನಿನಿಂದ ರೆಕ್ಕೆಗೆ ಇಳಿದು, ಆ ನೀಲಿ ಹನಿಯೊಳಗೆ ಹೊಕ್ಕಿತು. ಹಕ್ಕಿ ಏನೂ ಹೇಳಲಿಲ್ಲ. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೂಂಕಾರಪ್ಪನವರಿಗೆ ಏನೋ ಕಳೆದುಹೋದಂತೆ ಅನಿಸಿತು. ಜೇಬು ಮುಟ್ಟಿ ನೋಡಿಕೊಂಡರು. ಕಳೆದುಹೋಗಿದ್ದುದು ಕಿವಿಯೊಳಗಿನ ಟಣ್ ಟಣ್. ಯೌವನದಲ್ಲಿ ಆ ಕಚೇರಿಗೆ ಕಾಲಿಟ್ಟ ಮೇಲೆ ಅಂಥ ನಿಶ್ಶಬ್ದ ಅವರಿಗೆ ಸಿಕ್ಕಿರಲಿಲ್ಲ. ದೇವರ ಮುಂದೆ ಕೂತಾಗಲೂ ಸಿಕ್ಕಿರಲಿಲ್ಲ, ಸುಳ್ಳೇಕೆ ಹೇಳಬೇಕು.

ಹೀಗೇ ನಡೆದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಸುಖ ಬಂದ ಮನುಷ್ಯ ಬಾಯಿ ಮುಚ್ಚಿಕೊಂಡು ಇರಬೇಕಲ್ಲ!

ಒಂದು ದಿನ ಕಚೇರಿಯಲ್ಲಿ ಟೀ ಕುಡಿಯುವ ಹೊತ್ತು. ಒಬ್ಬೊಬ್ಬರೂ ತಮ್ಮ ಹೆಚ್ಚುಗಾರಿಕೆ ಹೇಳಿಕೊಳ್ಳುತ್ತಿದ್ದರು. ಒಬ್ಬರ ಅಳಿಯ ವಿಮಾನದಲ್ಲಿ ಕಿಟಕಿ ಪಕ್ಕವೇ ಕೂರುತ್ತಾನಂತೆ. ಇನ್ನೊಬ್ಬರಿಗೆ ಚದುರಂಗ ಗೊತ್ತಂತೆ. ಟೈಪಿಸ್ಟಮ್ಮ ಹೂಂಕಾರಪ್ಪನವರ ಕಡೆ ತಿರುಗಿ, “ನಿಮ್ದೇನ್ರೀ? ಏನಾದ್ರೂ ಇದೆಯಾ, ಬರೀ ಹೂಂ ಒಂದೇನಾ?” ಎಂದರು.

ಯಾವ ಗಳಿಗೆಯೋ ಏನೋ, ಹೂಂಕಾರಪ್ಪನವರು ಲೋಟ ಕೆಳಗಿಟ್ಟು, ಎಲ್ಲೋ ಓದಿದ್ದ ಭಾಷೆಯಲ್ಲಿ ಹೇಳಿಬಿಟ್ಟರು: “ನಾನು ಪಿಂಗಾಣಿಯ ಮೌನ ಸೌಂದರ್ಯವನ್ನು ಆಸ್ವಾದಿಸುತ್ತೇನೆ.”

“ಅಂದ್ರೆ… ನೆಕ್ತೀರಾ?” ಎಂದರು ಟೈಪಿಸ್ಟಮ್ಮ.

“ನೋಡ್ತೀನಿ,” ಎಂದರು ಹೂಂಕಾರಪ್ಪನವರು, ನೆಲ ನೋಡುತ್ತ.

ಅಷ್ಟರಲ್ಲಿ ಒಳಕೋಣೆಯ ಅರ್ಧಬಾಗಿಲು ತೆರೆದುಕೊಂಡು ದೊಡ್ಡ ಸಾಹೇಬರ ತಲೆ ಹೊರಬಂತು. “ಏನ್ರೀ ಹೇಳಿದ್ರಿ? ಪಿಂಗಾಣಿನಾ? ನಿಮಗಾ?” ಅವರ ಮುಖ ಅರಳಿದ ರೀತಿ ನೋಡಿದವರು ಅದನ್ನು ಕಲಾಪ್ರೇಮ ಎಂದುಕೊಂಡರು. ನಿಜವಾಗಿ ಅದು ಬಿಡುಗಡೆಯ ಬೆಳಕು. ಸಾಹೇಬರ ಮನೆಯಲ್ಲಿ, ಯಾರೋ ಉಡುಗೊರೆ ಕೊಟ್ಟಿದ್ದ, ಟೊಪ್ಪಿ ಹಾಕಿಕೊಂಡು ಪಿಟೀಲು ಬಾರಿಸುವ ಒಂದು ಪಿಂಗಾಣಿ ಕಪ್ಪೆ ಇತ್ತು. ಅದನ್ನು ಎಸೆಯಲು ಸಾಹೇಬರ ಹೆಂಡತಿಗೆ ಮನಸ್ಸಿಲ್ಲ, ಇಟ್ಟುಕೊಳ್ಳಲು ಸಾಹೇಬರಿಗೆ ಧೈರ್ಯವಿಲ್ಲ.

ಮರುದಿನ ಕಪ್ಪೆ ಹೂಂಕಾರಪ್ಪನವರ ಮೇಜಿನ ಮೇಲಿತ್ತು.

“ಹೇಗಿದೆ? ತಗೊಂಡ್ಹೋಗ್ತೀರಲ್ಲ?” ಎಂದರು ಸಾಹೇಬರು.

ಇಲ್ಲಿ ಒಂದೇ ಒಂದು ‘ಬೇಡ’ ಸಾಕಾಗಿತ್ತು. ಆ ಎರಡಕ್ಷರ ಹೂಂಕಾರಪ್ಪನವರ ಗಂಟಲಿನವರೆಗೆ ಬಂತು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಸಾಹೇಬರ ಮುಖ ನೋಡಿ, ಹೂಂ ಆಗಿ ಹೊರಗೆ ಬಂತು.

ಸುದ್ದಿಗೆ ಕಾಲು ಬೇಕೇ? ಪ್ರತಿ ಮನೆಯಲ್ಲೂ ಬೀರುವಿನ ಮೇಲುಗಡೆ ಒಂದು ಕತ್ತಲ ಜಾಗ ಇರುತ್ತದೆ. ಮದುವೆಗಳಲ್ಲಿ ಬಂದ, ಇನ್ನೊಂದು ಮದುವೆಗೆ ಹೋಗಬೇಕಾದ ಉಡುಗೊರೆಗಳು ಅಲ್ಲಿ ಕಾಗದ ಸುತ್ತಿಕೊಂಡು ಸರದಿ ಕಾಯುತ್ತಿರುತ್ತವೆ. ಯಾರಿಗೂ ಬೇಡದ, ಎಲ್ಲರಿಗೂ ಕೊಡಬೇಕಾದ ಆ ಗೊಂಬೆಗಳು ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತವೆ. ಜೀವಾತ್ಮಗಳ ಹಾಗೆ, ಮುಕ್ತಿಯಿಲ್ಲ. ಈಗ ಮುಕ್ತಿಗೊಂದು ವಿಳಾಸ ಸಿಕ್ಕಿತು.

ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಬಾಯಿ ತೆರೆದ ಒಂದು ದೊಡ್ಡ ಮೀನನ್ನು ಮಗುವಿನಂತೆ ಎತ್ತಿಕೊಂಡು ಬಂದರು. “ಸ್ವಲ್ಪ ಒಳಗೆ ಸರೀರಿ, ಜಾಗ ಇದೆ, ಬೇಕಾದಷ್ಟು ಜಾಗ ಇದೆ,” ಎಂದು ಮನೆಯವರನ್ನೇ ಗೋಡೆಗೆ ಒತ್ತಿ ಅದನ್ನು ನಡುಮನೆಯಲ್ಲಿ ಕೂರಿಸಿದರು. ಹೆಂಡತಿಯ ತಮ್ಮ, ರೇಡಿಯೋ ಫ್ಯಾನು ರಿಪೇರಿ ಅಂಗಡಿಯವನು, ಜೋಡಿ ಹಂಸ ತಂದ. ಒಂದರ ಕತ್ತು ಮುರಿದಿತ್ತು. ಅವನೇ ಅಂಟಿಸಿದ್ದ, ಹಿಂದುಮುಂದಾಗಿ.

“ಇದ್ಯಾಕೋ ಆ ಕಡೆ ನೋಡ್ತಿದೆ?” ಎಂದಳು ಅಕ್ಕ.

“ಜಗಳ ಆಡಿದಾವೆ ಅಂದ್ಕೋ ಅಕ್ಕ. ಸಂಸಾರ ಅಂದ್ಮೇಲೆ ಇರಲ್ವಾ? ಅಲ್ವಾ ಭಾವ?”

“ಹೂಂ,” ಎಂದರು ಭಾವ.

ಟೈಪಿಸ್ಟಮ್ಮ ಕೊಟ್ಟ ಬೂಟಿನಾಕಾರದ ಹೂದಾನಿ, ಯಾರೋ ತಂದ ತಲೆಯಾಡಿಸುವ ನಾಯಿ, ಇನ್ಯಾರೋ ಬಾಗಿಲಲ್ಲಿಟ್ಟು ಓಡಿಹೋದ ಎರಡು ಹಲ್ಲಿನ ಆನೆ, ಅದಕ್ಕೆ ಸೊಂಡಿಲಿರಲಿಲ್ಲ. ಅಕ್ಕಿ ಡಬ್ಬಕ್ಕೆ ಕೈಹಾಕಿದರೆ ಕಪ್ಪೆಯ ಟೊಪ್ಪಿ ಸಿಕ್ಕುತ್ತಿತ್ತು. ಸ್ನಾನಕ್ಕೆ ಹೋಗುವಾಗ ನಾಯಿ ಹೂಂ ಹೂಂ ಎಂದು ತಲೆಯಾಡಿಸುತ್ತಿತ್ತು. “ನಿಮಗೆ ತಕ್ಕ ಜೊತೆ,” ಎಂದಳು ಹೆಂಡತಿ.

ಹೂಂಕಾರಪ್ಪನವರು ಎಲ್ಲವನ್ನೂ ಸಹಿಸಿದರು, ಏಕೆಂದರೆ ಕಿಟಕಿಯ ಕಟ್ಟೆಯೊಂದು ಹಾಗೇ ಉಳಿದಿತ್ತು. ಬೆಳಿಗ್ಗೆ ಕಪ್ಪೆ, ಮೀನು, ಬೂಟುಗಳನ್ನು ದಾಟಿ, ಹಂಸಗಳ ಜಗಳ ತಪ್ಪಿಸಿಕೊಂಡು ಅಲ್ಲಿಗೆ ತಲುಪಿದರೆ ಸಾಕು. ಬಿಸಿಲು ಆ ಹನಿಯೊಳಗೆ ಹೊಗುತ್ತಿತ್ತು. ಟಣ್ ಟಣ್ ನಿಲ್ಲುತ್ತಿತ್ತು.

ಅಷ್ಟರಲ್ಲಿ ಮದುವೆಗಳು ಸಾಲುಗಟ್ಟಿದವು. ಬೀದಿಯ ಜನ ಬೀರುವಿನ ಮೇಲೆ ಕೈಯಾಡಿಸಿದರು. ಧೂಳು ಬಿಟ್ಟರೆ ಏನೂ ಇಲ್ಲ! ಎಲ್ಲರ ಉಡುಗೊರೆಯೂ ಹೂಂಕಾರಪ್ಪನವರ ಮನೆಯಲ್ಲಿ. ಮೊದಲು ಬಂದವರು ಕಂಡಕ್ಟರ್.

“ವಾಪಸ್ ಕೇಳ್ತಿಲ್ಲ, ತಪ್ಪು ತಿಳ್ಕೋಬೇಡಿ,” ಎಂದರು. “ಕೊಟ್ಟಿದ್ದು ಕೊಟ್ಟಿದ್ದೇ. ಆದ್ರೆ ಮೀನು ಸ್ವಲ್ಪ ಬೇಕಿತ್ತು.”

ಕಂಡಕ್ಟರ್ ಹೊರಗೆ ಕಾಯುತ್ತಿದ್ದಂತೆ ಹೆಂಡತಿ ಅಡುಗೆಮನೆಗೆ ಧಾವಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಆನಂದದ್ದು. ಗಂಡ ಕಿಟಕಿಯ ಮುಂದೆ ಕೂತಿದ್ದರು. ಬಿಸಿಲು ಆಗತಾನೇ ರೆಕ್ಕೆಗೆ ಇಳಿದಿತ್ತು.

“ಏನೂಂದ್ರೆ, ಮೀನು ಕೇಳ್ತಿದಾರೆ. ಬೀದಿಯವರೆಲ್ಲ ಕೇಳ್ತಾರೆ ಇನ್ನು. ಮನೇಲಿರೋ ಪಿಂಗಾಣಿ ಎಲ್ಲಾ ಕೊಟ್ಟುಬಿಡ್ಲಾ?”

ಬಿಸಿಲು ಹನಿಯ ಅಂಚು ಮುಟ್ಟಿತು.

“ಹೂಂ,” ಎಂದರು ಹೂಂಕಾರಪ್ಪನವರು.

“ಒಂದೂ ಬಿಡದೆ?”

“ಹೂಂ.”

ಹೆಂಗಸು ಎರಡು ಸಲ ಕೇಳಿದ್ದಳು. ಅವಳ ಮೇಲೆ ತಪ್ಪು ಹೊರಿಸಲು ಯಾವ ನ್ಯಾಯಾಲಯಕ್ಕೂ ಸಾಧ್ಯವಿಲ್ಲ.

ಸಂಜೆ ಬಂದು ನೋಡಿದರೆ ಮನೆ ಬಯಲಾಗಿತ್ತು. ಹೆಂಡತಿ ನಡುಮನೆಯಲ್ಲಿ ಕೈ ಚಾಚಿ ನಿಂತು, “ನೋಡಿ, ಎರಡೂ ಕೈ ಚಾಚಿದ್ರೂ ಏನೂ ತಗಲ್ತಿಲ್ಲ!” ಎಂದಳು. ಹೂಂಕಾರಪ್ಪನವರೂ ನಕ್ಕರು. ನಗುತ್ತಲೇ ಅಡುಗೆಮನೆಗೆ ಹೋದರು. ಕಿಟಕಿಯ ಕಟ್ಟೆಯನ್ನು ಒರೆಸಿ ಹೊಳೆಯುವಂತೆ ಮಾಡಿದ್ದಳು.

“ಇವಳೇ,” ಎಂದರು. “ಇಲ್ಲಿ ಒಂದು ಹಕ್ಕಿ ಇತ್ತಲ್ಲ.”

“ಆ ಚೂರಾ? ಒಂದೂ ಬಿಡಬೇಡ ಅಂದ್ರಲ್ಲ. ಬರೀ ಅಷ್ಟನ್ನ ಯಾರಿಗೆ ಕೊಡೋದು? ಕಂಡಕ್ಟರ್ ಮೀನಿನ ಬಾಯಲ್ಲಿ ಹಾಕಿ ಕಳಿಸ್ದೆ.”

ಹೂಂಕಾರಪ್ಪನವರ ಕಿವಿಯಲ್ಲಿ ಟಣ್ ಎಂದಿತು.

ಕಂಡಕ್ಟರ್ ಮನೆಯ ಬಾಗಿಲಿಗೆ ಓಡಿದರು. “ಬನ್ನಿ, ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಬಾರ್ದು,” ಎಂದು ಅವರನ್ನು ಒಳಗೆಳೆದುಕೊಂಡ ಕಂಡಕ್ಟರ್, ವಿಷಯ ಕೇಳಿ ತಲೆ ಕೆರೆದುಕೊಂಡರು. “ಹಕ್ಕಿ ಗಿಕ್ಕಿ ನಾನು ನೋಡ್ಲಿಲ್ಲ. ಬಾಲದ ಹತ್ರ ಚಕ್ಕೆ ಎದ್ದಿತ್ತು, ಮಧ್ಯಾಹ್ನ ನಿಮ್ಮ ಭಾವಮೈದನ ಅಂಗಡೀಲಿ ಅಂಟು ಹಾಕಿಸ್ದೆ. ಅವನೇ ಬಣ್ಣದ ಕಾಗದ ಸುತ್ತಿಕೊಟ್ಟ. ಈಗ ನಮ್ಮಾಕೆ ಮದುವೆ ಹಾಲಿಗೆ ತಗೊಂಡು ಹೋಗಿದಾಳೆ. ನಂಗೆ ಮಂಡಿನೋವು, ಇಲ್ಲೇ ಸ್ಟಾಪು.”

ಹಕ್ಕಿ ಮೀನಿನ ಬಾಯಲ್ಲಿ. ಮೀನು ಮದುವೆ ಹಾಲಿನಲ್ಲಿ. ಹೂಂಕಾರಪ್ಪನವರ ತಲೆಗೆ ಹೊಳೆದದ್ದು ಇಷ್ಟೇ.

ಕರೆಯದ ಮದುವೆಗೆ ಅವರು ಹೋದದ್ದು ಅದೇ ಮೊದಲು. ಬಾಗಿಲಲ್ಲಿ ಯಾರೋ “ನೀವು ಗಂಡಿನ ಕಡೆಯವ್ರಾ?” ಎಂದರು. ಹೂಂ. ನಾಲ್ಕು ಹೆಜ್ಜೆ ಮುಂದೆ ಇನ್ಯಾರೋ “ಹೆಣ್ಣಿನ ಕಡೆಯವ್ರಲ್ವಾ?” ಎಂದರು. ಹೂಂ. ಎರಡೂ ಕಡೆಯವರಾಗಿ, ಇಬ್ಬರಿಂದಲೂ ಕೈ ಮುಗಿಸಿಕೊಂಡು ವೇದಿಕೆ ತಲುಪಿದರು. ಅಲ್ಲಿ ಉಡುಗೊರೆಯ ರಾಶಿ. ಹುಡುಗಿಯ ಚಿಕ್ಕಮ್ಮ ಒಬ್ಬಾಕೆ, ಯಾರು ಏನು ಕೊಟ್ಟರೆಂದು ತಿಳಿಯುವ ಕಾತರದಲ್ಲಿ, ಎಲ್ಲದರ ಕಾಗದ ಹರಿದಿಟ್ಟಿದ್ದಳು. ಪುಣ್ಯಾತ್ಮಳು! ಮೀನು ಬಾಯಿ ತೆರೆದುಕೊಂಡು ಕೂತಿತ್ತು.

ಹೂಂಕಾರಪ್ಪನವರು ಅತ್ತಿತ್ತ ನೋಡಿ ಅದರ ಬಾಯಿಗೆ ಕೈ ಹಾಕಿದರು. ಮಣಿಕಟ್ಟಿನವರೆಗೆ ಹೋಯಿತು. ಇನ್ನಷ್ಟು ತಳ್ಳಿದರು. ಬೆರಳಿಗೆ ತಗಲಿದ್ದು ಸ್ವಲ್ಪ ಹತ್ತಿ, ಒಂದು ಸತ್ತ ಜಿರಳೆ. ಹಕ್ಕಿ ಇಲ್ಲ. ಕೈ ಹೊರಗೆ ಎಳೆದರು. ಕೈ ಬರಲಿಲ್ಲ.

“ಎಲ್ರೂ ಈ ಕಡೆ ನೋಡಿ!” ಎಂದ ಫೋಟೋದವನು.

ಗಂಡು, ಹೆಣ್ಣು, ಮೊಳಕೈವರೆಗೆ ಮೀನು ತೊಟ್ಟುಕೊಂಡ ಹೂಂಕಾರಪ್ಪನವರು. ಮೂವರೂ ಫೋಟೋದವನ ಬೆಳಕಿನಲ್ಲಿ ಶಾಶ್ವತರಾದರು.

“ಯಾರು ರೀ ಇವ್ರು? ನಮ್ಮ ಮೀನಿನಲ್ಲಿ ಇವರಿಗೇನು ಕೆಲಸ?” ಎಂದು ಹುಡುಗಿಯ ಅಪ್ಪ ಗದರಿದರು. ಆಗ ಗುಂಪಿನಿಂದ ಒಂದು ಪರಿಚಿತ ತಲೆ ಹೊರಬಂತು. ದೊಡ್ಡ ಸಾಹೇಬರು! ಅವರೂ ಮದುವೆಗೆ ಬಂದಿದ್ದರು.

“ಬೈಬೇಡಿ, ಬೈಬೇಡಿ,” ಎಂದರು ಸಾಹೇಬರು. “ಇವರು ನಮ್ಮ ಕಚೇರಿಯ ಕಲಾರಸಿಕರು. ಮೀನು ಇವರ ಮನೇಲೇ ಇದ್ದಿದ್ದು. ಸಾಕಿದ ಮಗಳನ್ನ ಕಳಿಸಿಕೊಟ್ಟವರ ಹಾಗೆ ಹಿಂದೆನೇ ಬಂದಿದಾರೆ, ನೋಡಿ. ಒಳಗಡೆ ನಯ ಹೇಗಿದೆ ಅಂತ ಕೈಯಿಂದ ಮುಟ್ಟಿ ನೋಡ್ತಿದಾರೆ. ಅಲ್ವೇನ್ರೀ?”

“ಹಕ್ಕಿ…” ಎಂದರು ಹೂಂಕಾರಪ್ಪನವರು. ಅವರ ಕಣ್ಣಿಂದ ನೀರು ಇಳಿಯಿತು. “ಸಾರ್, ಹಕ್ಕಿ…”

“ನೋಡಿದ್ರಾ! ಮೀನಿನ ಒಳಗೂ ಇವರಿಗೆ ಹಕ್ಕಿನೇ ಕಾಣುತ್ತೆ!” ಎಂದರು ಸಾಹೇಬರು. ಅಡುಗೆಯವರು ಸೋಪಿನ ನೀರು ತಂದು ಸುರಿದರು. ಕೈ ಬಂತು. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಅಲ್ಲೇ, ಆ ಸೋಪಿನ ನೀರಿನ ನಡುವೆ, ಮನಸ್ಸಿನಲ್ಲೇ ಒಂದು ನಿರ್ಧಾರ ಮಾಡಿದರು. ಹೂಂಕಾರಪ್ಪನವರ ಬಾಳಿನಲ್ಲಿ ಇತರರು ಮಾಡಿದ ಒಳ್ಳೆಯ ನಿರ್ಧಾರಗಳು ಯಾವತ್ತೂ ಅವರಿಗೆ ಒಳ್ಳೆಯದು ಮಾಡಿದ್ದಿಲ್ಲ.

ಭಾವಮೈದನ ಅಂಗಡಿಯ ನೆನಪು ಬಂದು ಅಲ್ಲಿಗೆ ಹೋಗುವಷ್ಟರಲ್ಲಿ ಎರಡು ದಿನ ತಡವಾಗಿತ್ತು. ಅವನು ಫ್ಯಾನಿನ ರೆಕ್ಕೆ ಒರೆಸುತ್ತಿದ್ದವನು ಇವರನ್ನು ಕಂಡದ್ದೇ ಏನನ್ನೋ ಚಿಂದಿಬಟ್ಟೆಯಡಿ ಸೇರಿಸಿದ.

“ಮೀನಿನ ಬಾಯಲ್ಲಿ ಒಂದು ಹಕ್ಕಿ ಇತ್ತೇನೋ?”

“ಹಕ್ಕಿ? ಯಾವ ಹಕ್ಕಿ ಭಾವ? ನಂಗ್ಯಾವ ಹಕ್ಕೀನೂ ಗೊತ್ತಿಲ್ಲಪ್ಪ!” ಎಂದು ಮುಖ ಆಚೆ ತಿರುಗಿಸಿ ನಕ್ಕ. ಬೇರೆಯವರಾಗಿದ್ದರೆ ಆ ನಗು ನೋಡಿ ಚಿಂದಿ ಎತ್ತಿ ನೋಡುತ್ತಿದ್ದರು. ಹೂಂಕಾರಪ್ಪನವರು ಹೂಂ ಎಂದು ಬಂದರು.

ಆಮೇಲಿನ ದಿನಗಳನ್ನು ಏನೆಂದು ಹೇಳುವುದು? ಟಣ್ ಟಣ್ ಮರಳಿ ಬಂತು. ಬರುವಾಗ ತನ್ನ ಬಂಧುಬಳಗವನ್ನೂ ಕರೆತಂದಿತು. ಮುದ್ರೆಯ ಬದಲು ಹೆಬ್ಬೆರಳಿನ ಮೇಲೆ ಸುತ್ತಿಗೆ ಬಿತ್ತು. ಬೆಳಿಗ್ಗೆ ಖಾಲಿ ಕಟ್ಟೆಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಬಿಸಿಲು ಬರುತ್ತಿತ್ತು, ಇಳಿಯಲು ಏನೂ ಸಿಗದೆ ಕಟ್ಟೆಯ ಮೇಲೆ ಸುಮ್ಮನೆ ಹರಡಿಕೊಂಡು ಬಿದ್ದಿರುತ್ತಿತ್ತು.

ಹೆಂಡತಿ ನೋಡಿದಳು. ಒಂದು ದಿನ ಪೇಟೆಯಿಂದ ಒಂದು ದೊಡ್ಡ ಪ್ಲಾಸ್ಟಿಕ್ ಗಿಳಿ ತಂದು ಅಲ್ಲಿಟ್ಟಳು. ಇನ್ನೊಂದು ದಿನ ಅವಳೇ ಅದನ್ನು ತೆಗೆದಳು. “ಅಷ್ಟು ಇಷ್ಟ ಇದ್ದಿದ್ರೆ ಒಂದೇ ಒಂದ್ಸಲ ಬಾಯಿಬಿಟ್ಟು ಹೇಳ್ಬಾರ್ದಾಗಿತ್ತಾ ನಂಗೆ?” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಹೂಂ,” ಎಂದರು ಅವರು. ಬಹುಶಃ ಅವರ ಆಯುಷ್ಯದಲ್ಲೇ ಅಷ್ಟು ಸರಿಯಾದ ಜಾಗದಲ್ಲಿ ಬಿದ್ದ ಹೂಂ ಅದೊಂದೇ.

ವಾರ ಕಳೆಯುವಷ್ಟರಲ್ಲಿ, ಹೂಂಕಾರಪ್ಪನವರಿಗೆ ಸನ್ಮಾನ ಮಾಡಲೆಂದು ಕಚೇರಿಯ ಹಾಲ್‌ನಲ್ಲಿ ಕುರ್ಚಿ ಹಾಕಿದರು. ತಕ್ಕಡಿಗಳನ್ನು ಮೂಲೆಗೆ ಸರಿಸಿದರು. ಹೆಂಡತಿಗೂ ಭಾವಮೈದನಿಗೂ ಕಂಡಕ್ಟರಿಗೂ ಹೇಳಿಕಳಿಸಿದ್ದರು. ಹೂಂಕಾರಪ್ಪನವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗಲ್ಲುಶಿಕ್ಷೆಯಾದವನ ಕೊರಳಿಗೆ ಹಗ್ಗ ಹಾಕುವಂತೆ ಹಾರ ಹಾಕಿದರು. ಸಾಹೇಬರು ಎದ್ದರು.

“ಕಬ್ಬಿಣದ ನಡುವೆ ಕಲೆ ಅರಳಬಲ್ಲದು ಎಂದು ತೋರಿಸಿದವರು ಇವರು. ಮೀನಿನ ಬಾಯಿಗೆ ಕೈಹಾಕಿ ಇವರು ಹಕ್ಕಿ ಹಕ್ಕಿ ಎಂದು ಅತ್ತದ್ದನ್ನು ನಾನು ಕಣ್ಣಾರೆ ಕಂಡೆ. ಆ ಕ್ಷಣವೇ ನಿಶ್ಚಯಿಸಿದೆ: ಇವರಿಗೊಂದು ಹಕ್ಕಿ ಕೊಡಬೇಕು!”

ಮೇಜಿನ ಮೇಲಿದ್ದ ಉಡುಗೊರೆಗೆ ಹೊದಿಸಿದ್ದ ಬಟ್ಟೆ ಸರಿಸಿದರು.

ಚಿನ್ನದ ಬಣ್ಣದ ದಪ್ಪ ಪೀಠ, ಅದರ ಮೇಲೆ ‘ಕಲಾರಸಿಕರಿಗೆ’ ಎಂಬ ಕೆಂಪಕ್ಷರ. ಅದರ ಮೇಲೆ, ಕತ್ತು ಒಳಕ್ಕೆಳೆದುಕೊಂಡು, ಬೂದಿ ಕಲಸಿದ ಹಾಲಿನ ಬಣ್ಣದಲ್ಲಿ, ರೆಕ್ಕೆಯ ತುದಿಯಲ್ಲಿ ಬೀಳದೆ ನಿಂತ ನೀಲಿ ಹನಿಯೊಂದಿಗೆ…

ಹೂಂಕಾರಪ್ಪನವರು ಎದ್ದರು. ಹಾರ ಕುರ್ಚಿಗೆ ಸಿಕ್ಕಿಕೊಂಡದ್ದು ಗೊತ್ತಾಗಲಿಲ್ಲ. ಕಿವಿಯಲ್ಲಿ ಟಣ್ ಟಣ್ ನಿಲ್ಲತೊಡಗಿತು. ಭಗವಂತ ಇದ್ದಾನೆ ಎಂದುಕೊಂಡರು. ಎರಡೂ ಕೈ ಚಾಚಿ ಮುಂದೆ ಬಂದರು.

“ಚಿಂವ್! ಚಿಂವ್! ಚಿಂವ್! ಸುಸ್ವಾಗತ!” ಎಂದು ಹಕ್ಕಿ ಕಿರುಚಿತು.

ಇಡೀ ಹಾಲ್ ಚಪ್ಪಾಳೆಯಿಂದ ತುಂಬಿತು. “ಮೂಗ ಹಕ್ಕಿ ಸಿಕ್ಕಿತ್ತು. ಮಾತು ಕೊಡಿಸಿದೀವಿ!” ಎಂದರು ಸಾಹೇಬರು. “ಇವರ ಭಾವಮೈದುನರದೇ ಕೈಚಳಕ. ಎದುರಿಗೆ ಯಾರು ಬಂದ್ರೂ ಸಾಕು, ಅದಕ್ಕೆ ಗೊತ್ತಾಗುತ್ತೆ. ಹೇಗಿದೆ ರೀ?”

ಹೂಂಕಾರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು.

“ಚಿಂವ್! ಚಿಂವ್! ಚಿಂವ್! ಸುಸ್ವಾಗತ!”

“ಹೂಂ,” ಎಂದರು.

ಮನೆಗೆ ಬಂದ ಮೇಲೆ ಭಾವಮೈದ ಹೆಮ್ಮೆಯಿಂದ ಹೇಳಿದ: “ಮೀನು ಅಲ್ಲಾಡಿಸ್ದಾಗ ಗಲಗಲ ಅಂತು. ಬಗ್ಗಿಸ್ದೆ, ಇದು ಬಿತ್ತು. ಕಂಡಕ್ಟರ್‌ದಲ್ಲ, ಯಾರದೂ ಅಲ್ಲ, ಪಾಪ ಸುಮ್ನೆ ಬಿದ್ದಿತ್ತು. ಆಮೇಲೆ ನಿಮ್ಮ ಸಾಹೇಬರು ಬಂದು ಹಕ್ಕಿ ಬೇಕು ಅಂದ್ರಲ್ಲ, ಇದೇ ಸೇರಿಸ್ದೆ. ಭಾವನಿಗೆ ಹೇಳ್ಬೇಡ ಅಂತ ಆಣೆ ಹಾಕಿದ್ರು. ಕಣ್ಣಿಗೆ ಕೆಂಪು ಬಲ್ಬ್ ಹಾಕ್ಬೇಕು ಅಂತಿದ್ದೆ ಭಾವ, ಅಷ್ಟು ಚಿಕ್ಕದು ಸಿಗ್ಲಿಲ್ಲ. ಅದೊಂದು ಕೊರತೆ ಉಳೀತು.”

“ಸ್ವಿಚ್ ಎಲ್ಲಿದೆ?”

“ಇಟ್ಟಿಲ್ಲ. ಇಟ್ರೆ ಜನ ಆರಿಸಿಬಿಡ್ತಾರೆ.”

“ಸೆಲ್ಲು?”

“ಬೇಕಾಗೇ ಇಲ್ಲ! ಬಿಸಿಲಲ್ಲಿಟ್ರೆ ತಾನೇ ಚಾರ್ಜ್ ಆಗುತ್ತೆ. ನೀವು ಸಾಯೋ ತನಕ ಹಾಡುತ್ತೆ.”

“ಪೀಠದಿಂದ ಬಿಡಿಸಬಹುದೇನೋ?”

“ಹೊಟ್ಟೇಲಿ ತೂತು ಇತ್ತಲ್ಲ, ಅಲ್ಲಿಂದಲೇ ತಂತಿ ಬಿಟ್ಟು ಅಂಟು ತುಂಬಿದೀನಿ. ಕಲ್ಲಾಗಿದೆ ಈಗ. ಕಿತ್ರೆ ಹೊಟ್ಟೆ ಸಮೇತ ಬರುತ್ತೆ ಭಾವ.”

ಹೂಂಕಾರಪ್ಪನವರು ತೂತು ತುಂಬಿದ ವಿಷಯ ಬಲ್ಲವರು. ತುಂಬಿ, ಹೊಡೆದ ಮೇಲೆ ಮುಗಿಯಿತು. ಆ ಬೆರಳ ಗುರುತೂ ಅಂಟಿನೊಳಗೆ ಹೋಗಿತ್ತು. ತಮ್ಮ ಬೆರಳನ್ನು ಮಡಿಚಿಕೊಂಡರು.

“ಹೆದರ್ಕೋಬೇಡಿ,” ಎಂದ ಭಾವಮೈದ, ಅವರ ಮುಖ ನೋಡಿ. “ಕತ್ತಲಲ್ಲಿ ಸುಮ್ನಿರುತ್ತೆ.”

“ಕತ್ತಲಲ್ಲಿ ನಂಗೆ ಕಾಣ್ಸಲ್ವಲ್ಲೋ.”

“ಅದಕ್ಕೆ ನಾನೇನ್ ಮಾಡ್ಲಿ ಭಾವ?”

ನಿಜ. ಅದಕ್ಕೆ ಯಾರು ಏನು ಮಾಡಿಯಾರು?

ಮರುದಿನ ಬೆಳಿಗ್ಗೆ ಹಕ್ಕಿಯನ್ನು ಪೀಠ ಸಮೇತ ಅದರ ಜಾಗದಲ್ಲಿಟ್ಟರು. ಬಿಸಿಲು ಕೊಕ್ಕಿಗೆ ಬಂತು. ಮಣೆ ಹಾಕಿಕೊಂಡರು, ಸುಸ್ವಾಗತ. ಮಣೆಯನ್ನು ಗೋಡೆಗೆ ಸರಿಸಿದರು, ಸುಸ್ವಾಗತ. ಉಸಿರು ಬಿಗಿಹಿಡಿದು ಬಾಗಿಲ ಮರೆಯಿಂದ ಒಂದೇ ಕಣ್ಣು ಹೊರಹಾಕಿದರು. ಆ ಒಂದು ಕಣ್ಣಿಗೂ ಸುಸ್ವಾಗತ. ಪೀಠದ ಮೇಲೆ ಟವೆಲು ಹೊದಿಸಿದರೆ ಹಕ್ಕಿಯೂ ಮುಚ್ಚಿಹೋಯಿತು. ಟವೆಲನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು, ಅದನ್ನೂ ತೆಗೆದರು. ಕೊನೆಗೆ ಟೀ ಲೋಟ ಹಿಡಿದು ನಡುಮನೆಗೆ ಬಂದು, ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು.

ಒಳಗೆ ಹಕ್ಕಿ ಸುಮ್ಮನಾಯಿತು.

ಹೆಂಡತಿ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿದ್ದವಳು, ಹಿಂಬಾಗಿಲಿಂದ ನಡುಮನೆಗೆ ಬಂದಳು. ಬರಿ ಗೋಡೆಗೆ ಒರಗಿ ಕಣ್ಣುಮುಚ್ಚಿ ಕೂತ ಗಂಡನನ್ನು ನೋಡಿ ನಿಂತಳು.

“ಏನ್ ಮಾಡ್ತಿದೀರಾ ಇಲ್ಲಿ?”

“ಹಕ್ಕಿ ನೋಡ್ತಿದೀನಿ.”

ಅವಳು ಅಡುಗೆಮನೆಯ ಹೊಸಿಲ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಬಂದು ಅವರ ಪಕ್ಕದಲ್ಲಿ, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಳು.

“ಬಿಸಿಲು ಎಲ್ಲಿಗೆ ಬಂದಿರ್ಬಹುದು?” ಎಂದು ಪಿಸುಗುಟ್ಟಿದಳು.

“ರೆಕ್ಕೆ ಹತ್ರ. ಇನ್ನೇನು ಆ ನೀಲಿ ಹನಿ.”

“ಕಾಣ್ಸುತ್ತಾ?”

“ಹೂಂ.”

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯುವ ಸದ್ದು ಕೇಳಿಸಿತು. ಇಬ್ಬರೂ ಏಳಲಿಲ್ಲ.